ಬಾಕಿ ಎಂಬಲ್ಲಿ

ಮಿಲ್ವಾಕಿಯ ಉತ್ತರ ಭಾಗ, ಇಪ್ಪತ್ತೇಳನೇ ಬೀದಿ.
ಲಾಂಡ್ರಿಯ ಗಾಜಿನ ಮೇಲೆ ರಸ್ತೆಯ ಉಪ್ಪು ಒಣಗಿದೆ.
ಹದಿನಾಲ್ಕು ಯಂತ್ರ, ಎರಡು ಕೆಟ್ಟವು,
ಉಳಿದ ಹೊಟ್ಟೆಗಳಲ್ಲಿ ತಿರುಗುತ್ತಿದೆ
ಯಾರ್ಯಾರದೋ ವಾರ.

ನಾನು ನಿಧಿಯ ಕಡೆಯವಳು.
ಅಂದರೆ ದುಡ್ಡು ನನ್ನದಲ್ಲ, ಕೈ ಮಾತ್ರ ನನ್ನದು,
ಅದೂ ಸಮಿತಿ ಎತ್ತು ಎಂದಾಗ ಎತ್ತುವ ಕೈ.
ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ ನಮ್ಮಲ್ಲಿ.
ಆ ಪೂಜಾರಿ ನಾನೇ ಎಂದು ಹೊಳೆದದ್ದು
ಕೆಲಸಕ್ಕೆ ಸೇರಿ ಮೂರನೇ ವರ್ಷ,
ಹತ್ತೊಂಬತ್ತು ಪುಟದ ಅರ್ಜಿಯನ್ನು
ನಾನೇ ಇಪ್ಪತ್ತೊಂದಕ್ಕೆ ಏರಿಸಿದ ದಿನ.

ವರ್ಲೀನ್ ಪಿಕೆಟ್, ಎಪ್ಪತ್ತೊಂದು ವರ್ಷ,
ಬಿಸಿ ಟವೆಲು ಮಡಚುತ್ತಲೇ ಕೂತ್ಕೋ ಮಗಳೇ ಅಂದರು.
ಕೂತೆ. ಲ್ಯಾಪ್‌ಟಾಪ್ ತೆರೆದೆ.
ಜನಾಂಗೀಯ ಆರ್ಥಿಕ ಸಮತೆ
ಎಂಬ ನಮ್ಮ ಕಾರ್ಯಕ್ರಮದ ಹೆಸರು
ಪರದೆಯಲ್ಲಿ ತಾನಾಗಿ ಬೆಳಗಿತು.
ಪ್ರಶ್ನೆ ಏಳು: ನಿಮ್ಮ ಸಮುದಾಯದ ಕೊರತೆಗಳನ್ನು ವಿವರಿಸಿ,
ಇನ್ನೂರು ಪದ ಮೀರದಂತೆ.

ಅವರು ಒಂದು ಬೂಟಿನ ಡಬ್ಬಿ ತಂದಿಟ್ಟರು.
ಒಳಗೆ ಗೀಟಿನ ನೋಟ್‌ಬುಕ್ಕು:
ಡೆಲ್‌ರಾಯ್, ಟ್ರಕ್ಕಿನ ಗೇರ್‌ಬಾಕ್ಸಿಗೆ ಒಂಬೈನೂರು.
ತಮೀಕಾ, ಸಲೂನಿನ ಕುರ್ಚಿ ಎರಡಕ್ಕೆ ಆರುನೂರ ಐವತ್ತು.
ಓಸ್ಬರ್ನ್ ಮನೆಯವರಿಗೆ, ಶವಪೆಟ್ಟಿಗೆ, ಬಡ್ಡಿ ಇಲ್ಲ.
ತೀರಿಸಿದ ಬಗೆ: ನಗದು, ನಗದು, ಶುಕ್ರವಾರದ ಮೀನು,
ಛಾವಣಿ ರಿಪೇರಿ, ನಗದು.
ಹದಿನೇಳು ವರ್ಷ. ಮುಳುಗಿದ ಸಾಲ ನಾಲ್ಕು.
ಬ್ಯಾಂಕಿನವರು ಈ ಬೀದಿಗೆ ಕೊನೆಯ ಸಲ ಬಂದದ್ದು
ಎಟಿಎಂ ಕಿತ್ತುಕೊಂಡು ಹೋಗಲಿಕ್ಕಂತೆ.

ಶುಕ್ರವಾರದ ಮೀನನ್ನು ಯಾವ ಕಾಲಮ್ಮಿಗೆ ತುಂಬಲಿ?

ನಿಮ್ಮ ನಿಧಿ, ಅಂದರು, ನದಿ ದಂಡೆಯ
ಹಾಲ್ವರ್ಸನ್ ಚರ್ಮದ ಕಾರ್ಖಾನೆಯ ದುಡ್ಡಲ್ಲವಾ?
ಅಪ್ಪ ಅಲ್ಲಿ ಸುಣ್ಣದ ಗುಂಡಿಯಲ್ಲಿ ಮೂವತ್ತೊಂದು ವರ್ಷ.
ಮಿಸಿಸಿಪ್ಪಿಯಿಂದ ಬಂದವರಿಗೆ ಒದ್ದೆ ಕೆಲಸ, ಅಷ್ಟೇ.
ಭಾನುವಾರ ಚರ್ಚಿನಲ್ಲೂ ಬೆರಳು ನಾರುತ್ತಿತ್ತು.
ಮನೆಗೆ ಸಾಲ ಕೇಳಿದ, ಸಂಬಳದ ಚೀಟಿ ಚಾಚಿದ.
ಗುಮಾಸ್ತ ಚೀಟಿ ನೋಡಲಿಲ್ಲ, ನಕ್ಷೆ ನೋಡಿದ.
ನಮ್ಮ ಬೀದಿಗೆ ಕೆಂಪು ಬಳಿದಿತ್ತು.

ತೊಗಲು.
ನನ್ನ ಭಾಷೆಯಲ್ಲಿ ದನದ್ದಕ್ಕೂ ಮನುಷ್ಯರದ್ದಕ್ಕೂ ಒಂದೇ ಪದ.
ನನ್ನ ಮುತ್ತಜ್ಜ ಶಾನುಭೋಗ. ನಕ್ಷೆ ಇರಲಿಲ್ಲ ಅವನ ಹತ್ತಿರ,
ಬೇಕಾಗಿಯೂ ಇರಲಿಲ್ಲ.
ಅವನ ಜೋಡು ಹೊಲಿದವನು ಅಂಗಳದಾಚೆ ನಿಲ್ಲುತ್ತಿದ್ದ,
ಹೊಲಿದವನ ಹೊಲದ ಗಡಿ ಕಡತದಲ್ಲಿ
ವರ್ಷಕ್ಕೊಂದು ಗೇಣು ಒಳಗೆ ಸರಿಯುತ್ತಿತ್ತು.
ಹೇಳಿಬಿಡಬೇಕೆನಿಸಿತು. ಹೇಳಲಿಲ್ಲ.
ಹೇಳಿ ಹಗುರಾಗುವುದೂ
ಆಕೆಯಿಂದ ಇನ್ನೊಂದು ಕೈಗಡ.

ಫೆಬ್ರವರಿಯ ಸಭೆ. ಒಬ್ಬರು ಕೇಳಿದರು:
ಹನ್ನೆರಡು ತಿಂಗಳಲ್ಲಿ ಅಳೆಯಬಹುದಾದ ಬದಲಾವಣೆ ಏನು?
ನಾನು ನೂರು ವರ್ಷದಲ್ಲಿ ಅಳೆಯಬಹುದಾದದ್ದನ್ನು ಹೇಳಹೊರಟೆ,
ಅಷ್ಟರಲ್ಲಿ ಕಾಫಿ ಬಂತು.
ಎಂಬತ್ತು ಸಾವಿರಕ್ಕೆ ಶಿಫಾರಸು, ನಲವತ್ತಾಯಿತು.
ಏಳನೇ ಪ್ರಶ್ನೆ ಬಿಡಲು ಒಪ್ಪಿದರು,
ಅದರ ಅರ್ಧವನ್ನು ಎಂಟಕ್ಕೆ ಸೇರಿಸಿ.

ಚೆಕ್ಕು ಕೊಟ್ಟೆ. ರಸೀದಿ ಬೇಕು ಅಂದೆ, ಕಡತಕ್ಕೆ.
ಆ ಪದ ಬಾಯಲ್ಲಿ ಸ್ವಲ್ಪ ಕಚ್ಚಿತು.
ವರ್ಲೀನ್ ಲಾಂಡ್ರಿಯ ಪುಸ್ತಕದಿಂದಲೇ ಹಾಳೆ ಹರಿದರು,
ಒಗೆದದ್ದು, ಒಣಗಿಸಿದ್ದು, ಮಡಚಿದ್ದು ಎಂದು ಅಚ್ಚಾದದ್ದು.
ಅಷ್ಟನ್ನೂ ಹೊಡೆದುಹಾಕಿ
ಸಂದದ್ದು ನಲವತ್ತು ಸಾವಿರ ಎಂದು ಬರೆದು
ಬಾಕಿ ಎಂಬಲ್ಲಿ ಪೆನ್ನು ಊರಿದರು.
ಆರನೇ ಯಂತ್ರ ಗಡಗಡ ಅಲುಗಿತು, ಯಾರೋ ಕೂಗಿದರು,
ಎದ್ದು ಹೋದರು.

ಆಫೀಸಿನಲ್ಲಿ ಸ್ಕ್ಯಾನ್ ಮಾಡುವ ಹುಡುಗ
ಹಾಳೆಯನ್ನು ಬೆಳಕಿಗೆ ಹಿಡಿದ.
ಈ ನೀಲಿ ಚುಕ್ಕೆ ಕಲೆಯಾ, ಅಂಕಿಯಾ?

ಅಂಕಿ ಅಂದೆ.
ಎಷ್ಟು ಅಂತ ಅವನು ಕೇಳಲಿಲ್ಲ.